ಮೇಜಿನ ಕೆಳಗೆ ಸರಿದ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಉಡುಪಿಯ ಮಕ್ಕಳ ಡಾಕ್ಟರೊಬ್ಬರು ಸಲಹೆ ಕೇಳಲು ನನಗೆ ಫೋನ್ ಮಾಡಿದಾಗ ಅವರ ದನಿ ನಡುಗುತ್ತಿತ್ತು. ಐದು ವರ್ಷದ ಹುಡುಗನಿಗೆ ಮೂರು ತಿಂಗಳಿಂದ ಹೊಟ್ಟೆನೋವು. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ಸರಿಯಿತ್ತು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. ಒಂದು ದಿನ ಕ್ಲಿನಿಕ್ಕಿನ ಹೊರಗೆ ಬೈಕ್ ನಿಂತ ಸದ್ದಿಗೆ ಹುಡುಗ ಮೇಜಿನ ಕೆಳಗೆ ಸರಿದ. ಡಾಕ್ಟರಿಗೆ ವಿಷಯ ಹೊಳೆಯಿತು. ಒಳ್ಳೆಯ ಮನಸ್ಸಿನಿಂದಲೇ ಹುಡುಗನ ಅಪ್ಪನನ್ನು ಕರೆದು, "ಮಗುವಿನ ಎದುರು ಜಗಳ ಬೇಡ, ನಿಮ್ಮ ಹೆಂಡತಿ ಹೆದರಿದ್ದಾರೆ" ಅಂದರು.

ಆಮೇಲೆ ಎರಡು ಸಲ ತಾಯಿ ಬರಲೇ ಇಲ್ಲ. ಬಂದಾಗ ಅಷ್ಟು ಸೆಕೆಯಲ್ಲೂ ದುಪಟ್ಟಾ ಕುತ್ತಿಗೆಗೆ ಬಿಗಿಯಾಗಿ ಸುತ್ತಿತ್ತು. "ಡಾಕ್ಟ್ರೇ, ನೀವು ಅವರ ಹತ್ರ ಎಂತದೂ ಹೇಳ್ಬಾರದಿತ್ತು."

ಹೊಡೆದದ್ದು ಆತ, ಹೊಣೆಯೂ ಆತನದೇ ಎಂದು ಡಾಕ್ಟರಿಗೆ ಮೊದಲು ಹೇಳಿದೆ. ಆದರೆ ಆ ಹೆಂಗಸು ಯಾರ ಅಪ್ಪಣೆಯೂ ಇಲ್ಲದೆ ಬರಬಹುದಾದ ಜಾಗ ಬಹುಶಃ ಈ ಕ್ಲಿನಿಕ್ ಒಂದೇ. ಅದನ್ನು ಕಳೆಯಬಾರದು. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದು ನಮ್ಮ ಕಡೆ ವಾಡಿಕೆ. ಹೊಡೆತ ಇರುವ ಮನೆಯಲ್ಲಿ ಅದು ಅಪಾಯ.

ನಾನು ಕೊಟ್ಟ ಸಲಹೆ ಹೀಗಿತ್ತು. ತೂಕ, ಎತ್ತರ ನೋಡುವ ನೆಪದಲ್ಲಿ ಸಿಸ್ಟರ್ ಮಗುವನ್ನು ಆಚೆ ಕರೆದೊಯ್ಯಲಿ. ಮಾತು ಬಂದ ಮಗು ಕೇಳಿದ್ದನ್ನು ಮನೆಯಲ್ಲಿ ಹೇಳುತ್ತದೆ. "ಹೊಡೀತಾರಾ?" ಎಂದು ಕೇಳಿ ಬಾಯಿ ಬಿಡಿಸಬೇಡಿ. "ಇಲ್ಲಿಗೆ ಬರುವ ಎಲ್ಲ ಅಮ್ಮಂದಿರಿಗೂ ಇದನ್ನು ಹೇಳ್ತೇನೆ. ಮನೆಯಲ್ಲಿ ಹೆದರಿಕೆ ಇದ್ರೆ ಮಗುವಿಗೂ ತಟ್ಟುತ್ತದೆ. ಸಹಾಯ ಉಂಟು" ಎನ್ನಿ. ಹೇಳಿಕೊಳ್ಳುವುದು, ಬಿಡುವುದು ಆಕೆಗೆ ಬಿಟ್ಟದ್ದು. ಮಗುವಿಗೇ ಏಟು ಬೀಳುತ್ತಿದ್ದರೆ ಗುಟ್ಟಾಗಿಡಲು ಆಗದು ಎಂಬುದನ್ನೂ ಮೊದಲೇ ತಿಳಿಸಿ, ಮೋಸವಾಯಿತು ಅನ್ನಿಸಬಾರದು. ಮನೆಗೆ ಹೋಗುವ ಚೀಟಿಯಲ್ಲಿ ಹೊಟ್ಟೆನೋವು ಅಂತಷ್ಟೇ ಬರೆಯಿರಿ. ಕಂಡ ಗಾಯ, ಆಕೆ ಆಡಿದ ಮಾತು ನಿಮ್ಮಲ್ಲೇ ಉಳಿಯುವ ದಾಖಲೆಯಲ್ಲಿರಲಿ, ಮುಂದೆ ಕೋರ್ಟಿಗೆ ಬೇಕಾದೀತು.

"ಬಿಟ್ಟು ಬಂದುಬಿಡಿ" ಎಂದು ಮಾತ್ರ ಹೇಳಬೇಡಿ. ಹೊರಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು. ಅದರ ಬದಲು ಮಹಿಳಾ ಸಹಾಯವಾಣಿ 181, ಹಿಂಸೆಗೊಳಗಾದ ಹೆಂಗಸರಿಗೆ ಒಂದೇ ಕಡೆ ನೆರವು ಸಿಗುವ ಸಖಿ ಕೇಂದ್ರ, ಕೌಟುಂಬಿಕ ಹಿಂಸೆಯ ದೂರು ತೆಗೆದುಕೊಳ್ಳುವ ಸರ್ಕಾರಿ ಸಂರಕ್ಷಣಾಧಿಕಾರಿ, ಇಷ್ಟು ಆಕೆಗೆ ಗೊತ್ತಿರಲಿ. ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ಹಿಂಸೆ ಕಾಯ್ದೆ ಕೊಟ್ಟಿದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಹುಡುಗನಿಗೂ ಒಂದು ಮಾತು ಬೇಕು: "ಇದು ನಿನ್ನ ತಪ್ಪಲ್ಲ ಮಗಾ."

ಹುಡುಗನಿಗೆ ಐದು ವರ್ಷಕ್ಕೆ ಕೊಡುವ ಡಿಪಿಟಿ ಬೂಸ್ಟರ್ ಲಸಿಕೆ ಬಾಕಿ ಇತ್ತು. ಅದಕ್ಕೆ ಬಂದ ದಿನ ಆಕೆ ಕ್ಲಿನಿಕ್ಕಿನ ಫೋನಿಂದಲೇ ನನ್ನ ಹತ್ತಿರ ಮಾತಾಡಿದರು. ತನ್ನ ಮೊಬೈಲನ್ನು ಗಂಡ ದಿನಾ ನೋಡುತ್ತಾನಂತೆ. ಅತ್ತದ್ದೇ ಹೆಚ್ಚು. ಕೊನೆಗೆ ಕೇಳಿದ್ದು ಒಂದೇ.

"ಅಕ್ಕಾ, ಆಧಾರ್ ಕಾರ್ಡು ಅವರ ಕಪಾಟಿನಲ್ಲಿ ಉಂಟು. ಅದಿಲ್ಲದೆ ದೂರು ಕೊಡ್ಲಿಕ್ಕೆ ಆಗ್ತದಾ?"

ಆಗ್ತದೆ ಅಂದೆ.