ದಿನಾ ನೂರಕ್ಕೆ ನೂರು ಚಾರ್ಜ್ ಮಾಡಿದರೆ ಬ್ಯಾಟರಿ ಹಾಳಾಗುತ್ತಾ?
ಬೆಂಗಳೂರಿನಲ್ಲಿ ತಿಂಗಳಿಗೆ 1000 ಕಿಲೋಮೀಟರ್ ಓಡಿಸುತ್ತೀರಿ, ಟಾಟಾದ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿಯನ್ನು ದಿನಾ 100% ಚಾರ್ಜ್ ಮಾಡಬಹುದಾ, ಇಲ್ಲ ಪೆಟ್ರೋಲ್ ಜೊತೆ ಬ್ಯಾಟರಿಯೂ ಇರುವ ಹೈಬ್ರಿಡ್ಡೇ ವಾಸಿಯಾ ಅಂತ ಕೇಳಿದ್ದೀರಿ.

ನೆಕ್ಸಾನ್ ಇವಿಯಲ್ಲಿರುವುದು ಎಲ್‌ಎಫ್‌ಪಿ ಬ್ಯಾಟರಿ, ಅಂದರೆ ಲಿಥಿಯಂ, ಕಬ್ಬಿಣ, ಫಾಸ್ಫೇಟ್. ನಿಕ್ಕಲ್, ಕೋಬಾಲ್ಟ್ ಇಲ್ಲ. 80%ಕ್ಕೆ ನಿಲ್ಲಿಸಿ ಅನ್ನುವ ಮಾತು ಹೆಚ್ಚಾಗಿ ನಿಕ್ಕಲ್ ಇರುವ ಎನ್‌ಎಂಸಿ ಬ್ಯಾಟರಿಗೆ ಸೇರಿದ್ದು. ಎಲ್‌ಎಫ್‌ಪಿಯ ವೋಲ್ಟೇಜ್ ಚಾರ್ಜ್ ಇಳಿದರೂ ಬಹುಪಾಲು ಒಂದೇ ಮಟ್ಟದಲ್ಲಿರುತ್ತದೆ. ಹಾಗಾಗಿ ಎಷ್ಟು ಉಳಿದಿದೆ ಅನ್ನುವ ಲೆಕ್ಕ ಕಾರಿಗೇ ತಪ್ಪುತ್ತದೆ. ಆಗಾಗ ಪೂರ್ತಿ ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ, ಬ್ಯಾಟರಿಯೊಳಗಿನ ಸೆಲ್‌ಗಳ ಚಾರ್ಜೂ ಸಮ ಆಗುತ್ತದೆ. ಪೂರ್ತಿ ತುಂಬಿಸಿ ವಾರಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬೇಡಿ, ಅಷ್ಟೇ.

ಖರ್ಚು: ಮನೆ ಕರೆಂಟ್ ಯೂನಿಟ್‌ಗೆ 6 ರೂಪಾಯಿ, ಯೂನಿಟ್‌ಗೆ 6 ಕಿಲೋಮೀಟರ್ ಹಿಡಿಯಿರಿ. ಕಿಲೋಮೀಟರಿಗೆ 1 ರೂಪಾಯಿ. ಹೈಬ್ರಿಡ್ ಲೀಟರ್ ಪೆಟ್ರೋಲಿಗೆ 20 ಕಿಲೋಮೀಟರ್ ಕೊಟ್ಟರೂ ಕಿಲೋಮೀಟರಿಗೆ ಸುಮಾರು 5 ರೂಪಾಯಿ. ತಿಂಗಳಿಗೆ 4000 ಉಳಿತಾಯ. ಆದರೆ ಹೊರಗೆ ಯೂನಿಟ್‌ಗೆ 20 ರೂಪಾಯಿಯ ಫಾಸ್ಟ್ ಚಾರ್ಜರ್‌ನಲ್ಲೇ ಹಾಕಿಸಿದರೆ ಕಿಲೋಮೀಟರಿಗೆ 3 ರೂಪಾಯಿ ದಾಟುತ್ತದೆ, ಜೊತೆಗೆ ಸುಮ್ನೆ ಕಾಯೋ ಕೆಲಸ. ಮನೆ ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಇದೆಯಾ? ಇಲ್ಲದಿದ್ದರೆ ನಾನಂತೂ ಹೈಬ್ರಿಡ್ಡೇ ತಗೊಳ್ಳುತ್ತೇನೆ.