ಬರಹಗಾರರಿಗೆ ಸಲಹೆ: ಮೂರನೇ ಚಿತ್ರದ ಬಿಳಿ ಹುಳು

ಆತ್ಮೀಯರೇ, ನಮಸ್ಕಾರ.

ರಾಣೆಬೆನ್ನೂರಿನಿಂದ ನೀವು ಕಳಿಸಿದ ‘ಪ್ರಕೃತಿಯ ಪುಟ್ಟ ಸೈನಿಕ’ ಲೇಖನವನ್ನೂ ಅದರ ಜೊತೆಗಿನ ನಾಲ್ಕು ಚಿತ್ರಗಳನ್ನೂ ನೋಡಿದೆವು. ಈಗಿರುವ ರೂಪದಲ್ಲಿ ಅಚ್ಚು ಹಾಕಲು ಬರುವುದಿಲ್ಲ. ಹಾಗಂತ ಕಸದ ಬುಟ್ಟಿಗೆ ಹಾಕುವ ಬರಹವೂ ಅಲ್ಲ. ಕಾಲೇಜು ಆವರಣದ ಕ್ರಿಸ್‌ಮಸ್ ಗಿಡದ ಕೊಂಬೆಗೆ ಬಿಳಿ ಹಿಟ್ಟಿನಂಥ ಕೀಟ ಹತ್ತಿತ್ತು, ಅದರ ನಡುವೆ ಸಣ್ಣ ಕಪ್ಪು ದುಂಬಿಯೊಂದು ಓಡಾಡಿಕೊಂಡು ಅದನ್ನೇ ತಿನ್ನುತ್ತಿತ್ತು ಎಂಬುದನ್ನು ನೀವು ಕಣ್ಣಾರೆ ಕಂಡು ಬರೆದಿದ್ದೀರಿ. ಮೊದಲ ಎರಡು ಪುಟದ ಆ ಭಾಗ ನಿಮ್ಮದು. ಮುಂದಿನ ಮೂರು ಪುಟ ಬೇರೆ ದೇಶದ ಬೇರೆ ದುಂಬಿಯ ಕಥೆ. ಕೊನೆಯ ಪುಟದಲ್ಲಿ ರೈತರಿಗೆ ಕೊಟ್ಟ ಸಲಹೆಯಂತೂ ನೀವು ಹೊಗಳಿದ ಹುಳುವನ್ನೇ ಕೊಲ್ಲುವಂತಿದೆ. ಒಂದೊಂದಾಗಿ ಹೇಳುತ್ತೇವೆ.

ಮೊದಲು ಮರ. ‘ನಮ್ಮ ಭಾಗದ ಸೂಚಿಪರ್ಣಿ ಮರಗಳಾದ ಗಾಳಿಮರ, ಕ್ರಿಸ್‌ಮಸ್ ಗಿಡ, ಥೂಜಾ’ ಎಂದು ಶುರು ಮಾಡಿದ್ದೀರಿ. ಸೂಚಿಪರ್ಣಿ ಅಂದರೆ ಪೈನ್‌ನಂತೆ ಹೂಬಿಡದೆ ಶಂಕುಗಳಲ್ಲಿ ಬೀಜ ಬಿಡುವ ಮರ. ಗಾಳಿಮರ, ಅಂದರೆ ಸರ್ವೆ, ಸೂಚಿಪರ್ಣಿಯೇ ಅಲ್ಲ. ಅದು ಹೂಬಿಡುವ ಸಸ್ಯ. ಅದರ ‘ಸೂಜಿ’ ಎಲೆಯೂ ಅಲ್ಲ, ತೆಳ್ಳನೆಯ ಹಸಿರು ಕಡ್ಡಿ. ಒಂದನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ, ಗೆಣ್ಣಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಜಾಗವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ನೋಡಿದರೆ ಸುತ್ತಲೂ ಏಳೆಂಟು ಸಣ್ಣ ಹಲ್ಲು ಕಾಣುತ್ತವೆ. ನಿಜವಾದ ಎಲೆ ಅವೇ. ಓದುಗರು ಮನೆ ಮುಂದೆಯೇ ಮಾಡಿ ನೋಡಬಹುದಾದ ಪರೀಕ್ಷೆ ಇದು, ಲೇಖನದಲ್ಲಿ ಸೇರಿಸಿ. ಗಾಳಿಮರದ ಮೇಲಿನ ಗುಲಗಂಜಿ ದುಂಬಿಗಳ (ಲೇಡಿಬರ್ಡ್) ಬಗ್ಗೆ ಬರೆಯುವ ಆಸೆಯಿದ್ದರೆ ಅದಕ್ಕೆ ಬೇರೆಯೇ ಲೇಖನ ಬೇಕು. ಅಲ್ಲಿಗೆ ಐಸೀರಿಯಾ ಎಂಬ ಹತ್ತಿಯಂಥ ಶಲ್ಕಕೀಟ (ಗಿಡಕ್ಕಂಟಿ ರಸ ಹೀರುವ ಕೀಟ) ಬರುತ್ತದೆ, ಅದನ್ನು ಹತೋಟಿಗೆ ತರಲು 1929ರಲ್ಲಿ ನೀಲಗಿರಿಗೆ ತರಿಸಿದ ರೊಡೋಲಿಯಾ ದುಂಬಿಯೂ ಬರುತ್ತದೆ.

ನಿಮ್ಮ ಚಿತ್ರದ ಕ್ರಿಸ್‌ಮಸ್ ಗಿಡ ಅರಕೇರಿಯಾ. ಕೊಂಬೆಗಳು ಅಂತಸ್ತು ಅಂತಸ್ತಾಗಿ ಸುತ್ತಲೂ ಹೊರಟಿವೆ, ಎಲೆಗಳು ಒಂದರ ಮೇಲೊಂದು ಹೊದ್ದುಕೊಂಡಿವೆ. ಇದು ಖರೇ ಸೂಚಿಪರ್ಣಿ. ಆದರೆ ಪೈನ್ ಕುಟುಂಬದ್ದಲ್ಲ. ಮುಂದೆ ಆಗಿರುವ ದೊಡ್ಡ ತಪ್ಪಿಗೆ ಇದೇ ಕಾರಣ, ನೆನಪಿಟ್ಟುಕೊಳ್ಳಿ.

ಮೂರನೇ ಪುಟದಿಂದ ನಿಮ್ಮ ದುಂಬಿ ‘ಅಡೆಲ್ಜಿಡ್ ಎಂಬ ಉಣ್ಣೆಹೇನನ್ನು ತಿಂದು ಹೆಮ್ಲಾಕ್ ಮರಗಳನ್ನು ಉಳಿಸುತ್ತದೆ’ ಎಂದಾಗುತ್ತದೆ. ಅಡೆಲ್ಜಿಡ್‌ಗಳು ಬದುಕುವುದು ಪೈನ್ ಕುಟುಂಬದ ಮರಗಳ ಮೇಲೆ ಮಾತ್ರ. ಅರಕೇರಿಯಾದ ಮೇಲೂ ಥೂಜಾದ ಮೇಲೂ ಅವು ಇರಲಾರವು. ನೀವು ಬರೆದ ಸಂಗತಿ ಪೂರ್ವ ಅಮೆರಿಕದ್ದು. ಅಲ್ಲಿ ವರ್ಜೀನಿಯಾದ ರಿಚ್ಮಂಡ್ ಬಳಿ 1951ರಲ್ಲಿ ಕಂಡ ಜಪಾನ್ ಮೂಲದ ಉಣ್ಣೆಹೇನು ಹೆಮ್ಲಾಕ್ ಕಾಡುಗಳನ್ನು ಒಣಗಿಸುತ್ತಾ ಬಂತು. ಅದನ್ನು ತಿನ್ನಲೆಂದು ಖಂಡದ ಪಶ್ಚಿಮ ಅಂಚಿನಿಂದ ಲ್ಯಾರಿಕೋಬಿಯಸ್ ನೈಗ್ರಿನಸ್ ಎಂಬ ದುಂಬಿಯನ್ನು ತಂದು 2003ರಿಂದ ಬಿಟ್ಟರು. ಅದು ಗುಲಗಂಜಿ ಕುಟುಂಬದ್ದೇ ಅಲ್ಲ. ಎರಡರಿಂದ ಮೂರು ಮಿಲಿಮೀಟರ್ ಉದ್ದ, ದೇಹ ನೀಳ, ಚಳಿಗಾಲದಲ್ಲಿ ಚುರುಕು, ಮರಿಹುಳು ಕೋಶವಾಗಲು ಮಣ್ಣಿಗಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ದೊಡ್ಡ ಕಣ್ಣುಗಳ ನಡುವೆ ನೆತ್ತಿಯ ಮೇಲೆ ಇನ್ನೆರಡು ಚುಕ್ಕೆಗಣ್ಣು ಇರುತ್ತವೆ. ದುಂಬಿಗಳಲ್ಲಿ ಇದು ಅಪರೂಪ. ನಿಮ್ಮ ಎರಡನೇ ಚಿತ್ರದಲ್ಲಿ ನೆತ್ತಿ ಸ್ಪಷ್ಟವಾಗಿದೆ, ಅಲ್ಲಿ ಏನೂ ಇಲ್ಲ. ಈ ಮೂರು ಪುಟಕ್ಕೆ ಪೂರ್ತಿ ಗೆರೆ ಎಳೆಯಿರಿ. ಹೆಮ್ಲಾಕ್ ಕಥೆ ಬೇಕೇ ಬೇಕು ಅನಿಸಿದರೆ ‘ಅಲ್ಲಿ ಹೀಗೆ’ ಎಂದು ನಾಲ್ಕು ಸಾಲಿನಲ್ಲಿ ಮುಗಿಸಿ.

ಇನ್ನು ದುಂಬಿಯ ವರ್ಣನೆ. ನಿಮ್ಮ ಸಾಲು: ‘ಜೋಳದ ಕಾಳಿನಷ್ಟು ಗಾತ್ರದ, ಮಿರಿಮಿರಿ ಮಿಂಚುವ, ಕಡುಕಪ್ಪು ಬಣ್ಣದ ಸುಂದರ ಜೀವಿ.’ ಹಿಂಗಾರಿ ಮಾಲದಂಡಿ ಕಾಳೂ ಮುಂಗಾರಿ ಹೈಬ್ರಿಡ್ ಕಾಳೂ ಒಂದೇ ಗಾತ್ರವೇ? ಗದಗಿನ ಓದುಗರು ಮೊದಲು ಕೇಳುವುದೇ ಅದನ್ನು. ಒಂದು ಮಿಲಿಮೀಟರ್ ಚೌಕದ ಗ್ರಾಫ್ ಕಾಗದದ ಮೇಲೆ ದುಂಬಿಯನ್ನಿಟ್ಟು ಅಳೆಯಿರಿ: ತಲೆಯ ಮುಂಭಾಗದಿಂದ ರೆಕ್ಕೆಯ ತುದಿವರೆಗೆ ಉದ್ದ, ಎಲ್ಲಿ ಹೆಚ್ಚು ಅಗಲವೋ ಅಲ್ಲಿ ಅಗಲ. ಸಿಕ್ಕರೆ ಐದಾರು ದುಂಬಿ ಅಳೆದು ಕನಿಷ್ಠ, ಗರಿಷ್ಠ ಎರಡೂ ಬರೆಯಿರಿ. ಓಡುವ ಹುಳುವನ್ನು ಅಳೆಯುವುದು ಹೇಗೆ ಅಂದರೆ, ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಐದರಿಂದ ಹತ್ತು ನಿಮಿಷ ಇಡಿ. ಫ್ರೀಜರ್ ಬೇಡ, ಸಾಯುತ್ತದೆ. ಹೊರಗೆ ತೆಗೆದ ಮೇಲೆ ನಿಮಗೆ ಸಿಗುವುದು ಒಂದೆರಡು ನಿಮಿಷ, ನಮ್ಮ ಕಡೆಯ ಬೇಸಿಗೆಯಲ್ಲಿ ಇನ್ನೂ ಕಡಿಮೆ. ಕ್ಯಾಮೆರಾ, ಬೆಳಕು, ಕಾಗದ ಎಲ್ಲ ಮೊದಲೇ ಸಿದ್ಧವಿರಲಿ.

‘ಮಿರಿಮಿರಿ ಮಿಂಚುವ’ ಎಂಬುದು ಸುಮ್ಮನೆ ಅಲಂಕಾರಕ್ಕೆ ಬಂದದ್ದಾದರೆ ತೆಗೆದುಬಿಡಿ, ಯಾಕೆಂದರೆ ಗುರುತಿಸುವಲ್ಲಿ ಹೊಳಪೇ ಒಂದು ಸಾಕ್ಷಿ. ನಮ್ಮಲ್ಲೇ ಇರುವ ಕೈಲೋಕೋರಸ್ ನೈಗ್ರೀಟಾ ನಿಜಕ್ಕೂ ಎಣ್ಣೆ ಹಚ್ಚಿದಂತೆ ಹೊಳೆಯುವ ಗುಂಡನೆಯ ಕಪ್ಪು ದುಂಬಿ. ಅದು ತಿನ್ನುವುದು ಮುಖ್ಯವಾಗಿ ಶಲ್ಕಕೀಟವನ್ನು. ನಿಮ್ಮ ಚಿತ್ರದ ದುಂಬಿಯ ಮೈತುಂಬ ಗಿಡ್ಡ ರೋಮವಿದೆ, ಹೊಳಪು ಮಂಕಾಗಿದೆ. ‘ಕಡುಕಪ್ಪು’ ಎಂದಿರಿ, ಆದರೆ ತಲೆಯೂ ತಲೆಯ ಹಿಂದಿನ ಫಲಕವೂ ಕಿತ್ತಳೆ, ಮೇಲ್ರೆಕ್ಕೆಗಳ ಹಿಂತುದಿಯೂ ಕಿತ್ತಳೆ. ನಿಮ್ಮದೇ ಚಿತ್ರ ನಿಮ್ಮ ಮಾತನ್ನು ಸುಳ್ಳು ಮಾಡುತ್ತಿದೆ. ವರ್ಣನೆ ಈ ಧಾಟಿಯಲ್ಲಿರಲಿ, ಅಂಕಿಗಳನ್ನು ನೀವು ಅಳೆದು ತುಂಬಿ:

‘ಉದ್ದ ಸುಮಾರು 4 ಮಿ.ಮೀ., ಅಗಲ ಸುಮಾರು 3 ಮಿ.ಮೀ. ಮೇಲಿನಿಂದ ನೋಡಿದರೆ ಅಂಡಾಕಾರ, ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಮೇಲ್ರೆಕ್ಕೆ ಕಪ್ಪುಗಂದು, ಹಿಂತುದಿ ಕಿತ್ತಳೆ. ಮೈಮೇಲೆ ಮಾಸಲು ಬಣ್ಣದ ಗಿಡ್ಡ ರೋಮ. ತಲೆ, ಫಲಕ ಕಿತ್ತಳೆ. ಕುಡಿಮೀಸೆ ಗಿಡ್ಡ. ಮುಂಗಾಲು ಹಳದಿಗಂದು, ನಡುಗಾಲು ಹಿಂಗಾಲು ಕಪ್ಪು.’

ಕೊನೆಯ ವಾಕ್ಯ ಯಾಕೆ ಅಂದರೆ, ನಾವು ಅಂದುಕೊಂಡಿರುವ ಜಾತಿಯಲ್ಲಿ ಗಂಡಿನ ಮುಂಗಾಲು ಹಳದಿಗಂದು, ಹೆಣ್ಣಿನದು ಕಪ್ಪು. ಹೊಟ್ಟೆ ಮೇಲೆ ಮಾಡಿ ಒಂದು ಫೋಟೊ ತೆಗೆದಿದ್ದರೆ ಗಂಡೋ ಹೆಣ್ಣೋ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ದುಂಬಿಯ ಚಿತ್ರಗಳೆಲ್ಲ ಬೆನ್ನಿನವೇ ಆಗಿಬಿಟ್ಟಿವೆ.

ಆ ಜಾತಿ ಕ್ರಿಪ್ಟೋಲೀಮಸ್ ಮೊಂಟ್ರೌಜಿಯೇರಿ ಎಂಬ ಗುಲಗಂಜಿ ದುಂಬಿ. ಆಸ್ಟ್ರೇಲಿಯಾ ಮೂಲದ್ದು. ಕಾಫಿಯ ಹಸಿರು ಶಲ್ಕಕೀಟಕ್ಕೆ ಮದ್ದಾದೀತೆಂದು 1898ರಲ್ಲಿ ಭಾರತಕ್ಕೆ ತಂದರು. ಅದಕ್ಕೆ ರುಚಿಸಿದ್ದು ಹಿಟ್ಟುತಿಗಣೆ, ಅಂದರೆ ಮೈಮೇಲೆ ಹಿಟ್ಟಿನಂಥ ಬಿಳಿ ಮೇಣ ಹೊದ್ದು ಗಿಡದ ರಸ ಹೀರುವ ಕೀಟ. ಈಗ ದ್ರಾಕ್ಷಿ, ಪೇರಲ, ಕಾಫಿ ತೋಟಗಳಲ್ಲಿ ಹಿಟ್ಟುತಿಗಣೆ ಹತೋಟಿಗೆ ಇದನ್ನು ಬಿಡುತ್ತಾರೆ. ಪ್ರಯೋಗಾಲಯದಲ್ಲಿ ಬಲಿತ ಕುಂಬಳಕಾಯಿಯ ಮೇಲೆ ಹಿಟ್ಟುತಿಗಣೆ ಬೆಳೆಸಿ, ಅದರ ಮೇಲೆ ದುಂಬಿ ಸಾಕುತ್ತಾರೆ. ನಿಮ್ಮ ಓದುಗರಿಗೆ ಹೆಮ್ಲಾಕ್‌ಗಿಂತ ಈ ಕುಂಬಳಕಾಯಿ ಹತ್ತಿರದ ಸಂಗತಿ.

ಈಗ ಮೂರನೇ ಚಿತ್ರ. ಅಡಿಬರಹ ‘ಮರದ ರಸ ಹೀರುವ ಹಿಟ್ಟುತಿಗಣೆ’ ಎಂದಿದೆ. ಎಡಗಡೆ ಇರುವ ಸಣ್ಣ ಬಿಳಿ ಉಂಡೆಗಳು ಹಿಟ್ಟುತಿಗಣೆ ಇರಬಹುದು. ನಡುವೆ ಕೂತಿರುವ ದೊಡ್ಡ ಬಿಳಿ ಜೂಲು ಹುಳು ಮಾತ್ರ ದುಂಬಿಯದೇ ಮರಿ. ಇದು ನಿಮ್ಮೊಬ್ಬರ ತಪ್ಪಲ್ಲ. ತೋಟದಲ್ಲಿ ‘ಹಿಟ್ಟುತಿಗಣೆ ದೊಡ್ಡದಾಗಿದೆ’ ಎಂದು ಔಷಧಿ ಹೊಡೆದು ಈ ಮರಿಗಳನ್ನೇ ಸಾಯಿಸುವುದು ನಡೆದೇ ಇದೆ. ಲೇಖನದ ಜೀವ ಇಲ್ಲಿದೆ. ಎರಡು ಪುಟ ಇದಕ್ಕೇ ಕೊಡಿ.

ಬೇರೆ ಮಾಡಿ ನೋಡುವುದು ಹೀಗೆ. ಹಿಟ್ಟುತಿಗಣೆ ಮೂರ್ನಾಲ್ಕು ಮಿಲಿಮೀಟರ್ ದಾಟುವುದು ಕಡಿಮೆ. ಈ ಮರಿ ಬಲಿತಾಗ 13 ಮಿಲಿಮೀಟರ್‌ವರೆಗೆ ಬೆಳೆಯುತ್ತದೆ. ಹಿಟ್ಟುತಿಗಣೆಯ ಅಂಚಿನ ಮೇಣದ ಎಳೆಗಳು ಗಿಡ್ಡ, ಒಂದೇ ಅಳತೆ. ಮರಿಯ ಮೈಮೇಲಿನವು ಉದ್ದ, ಅಡ್ಡಾದಿಡ್ಡಿ. ಒಣಹುಲ್ಲಿನ ಕಡ್ಡಿಯಿಂದ ಹಿಂದಿನಿಂದ ಮುಟ್ಟಿ: ಮರಿ ಎದ್ದು ನಡೆದುಬಿಡುತ್ತದೆ, ತಿಗಣೆ ಸೂಜಿಬಾಯಿಯನ್ನು ತೊಗಟೆಯಲ್ಲಿ ಊರಿರುವುದರಿಂದ ಸುಲಭಕ್ಕೆ ಕದಲುವುದಿಲ್ಲ. ಮರಿಯನ್ನು ಅಂಗಾತ ಮಾಡಿದರೆ ಮೂರು ಜೊತೆ ಗಟ್ಟಿ ಕಾಲು, ಮುಂದೆ ಕಚ್ಚುವ ದವಡೆ. ಒದ್ದೆ ಕುಂಚದಿಂದ ಮೇಣ ಒರೆಸಿದರೆ ಪಟ್ಟಿಪಟ್ಟಿಯಾದ ಮೈ ಬಯಲಾಗುತ್ತದೆ. ಆದರೆ ಒರೆಸುವ ಮುಂಚೆಯೇ ಫೋಟೊ ತೆಗೆಯಿರಿ. ಮದ್ಯಸಾರದಲ್ಲಿ ಹಾಕಿದರೂ ಮೇಣದ ಎಳೆಗಳು ಮುದ್ದೆಯಾಗಿ ಕಳಚುತ್ತವೆ, ಆಮೇಲೆ ಅದು ಯಾವ ಹುಳುವೆಂದು ನಿಮಗೇ ಗುರುತು ಸಿಗದು.

ಇಲ್ಲಿ ಒಂದು ತೊಡಕಿದೆ. ಬಿಳಿ ಮೇಣ ಹೊದ್ದ ಮರಿ ಕ್ರಿಪ್ಟೋಲೀಮಸ್‌ದೇ ಆಗಬೇಕೆಂದಿಲ್ಲ, ಸಿಮ್ನಸ್ ಗುಂಪಿನ ಸಣ್ಣ ಗುಲಗಂಜಿಗಳ ಮರಿಗಳೂ ಹೀಗೇ ಇರುತ್ತವೆ. ಆದ್ದರಿಂದ ಮರಿಯನ್ನು ಸಾಕಿ, ದುಂಬಿ ಬರಿಸಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ಮಡಚಿದ ಕಾಗದ, ಬಾಯಿಗೆ ತೆಳು ಬಟ್ಟೆ ಬಿಗಿದು ರಬ್ಬರ್ ಬ್ಯಾಂಡ್. ಹಿಟ್ಟುತಿಗಣೆ ಹತ್ತಿದ ಚಿಕ್ಕ ಕೊಂಬೆಯನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ಔಷಧಿ ಹೊಡೆದ ಗಿಡದ ಕೊಂಬೆ ಬೇಡ. ಬಿಗಿ ಮುಚ್ಚಳ ಹಾಕಿದರೆ ಒಳಗೆ ಬೆವರಿ ಮರಿ ಹನಿಯಲ್ಲಿ ಸಿಕ್ಕು ಸಾಯುತ್ತದೆ, ಇಲ್ಲವೇ ಬೂಷ್ಟು ಹಿಡಿಯುತ್ತದೆ. ಒಂದೇ ಡಬ್ಬಿಯಲ್ಲಿ ಹತ್ತು ಮರಿ ಹಾಕಿ ಆಹಾರ ಕಡಿಮೆ ಮಾಡಿದರೆ ಒಂದನ್ನೊಂದು ತಿನ್ನುತ್ತವೆ, ಡಬ್ಬಿಗೆ ಒಂದೇ ಇರಲಿ. ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡದಿದ್ದರೆ ಇರುವೆ ಕೆಲಸ ಮುಗಿಸುತ್ತದೆ. ಬಲಿತ ಮರಿ ಕಾಗದದ ಮಡಿಕೆಯಲ್ಲಿ ಸೇರಿಕೊಂಡು ತನ್ನ ಹಳೆಯ ಚರ್ಮದೊಳಗೇ ಕೋಶವಾಗುತ್ತದೆ. ಸತ್ತಿದೆ ಎಂದು ಎಸೆಯಬೇಡಿ. ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಒಂದು ತಿಂಗಳು, ಸೆಕೆಯಿದ್ದರೆ ಬೇಗ, ಚಳಿಯಿದ್ದರೆ ತಡ. ಕೋಶದಿಂದ ದುಂಬಿಯ ಬದಲು ಸಣ್ಣ ಕಣಜ ಹೊರಬಂದರೂ ಅದನ್ನು ಬರೆಯಿರಿ, ಅದೂ ಸುದ್ದಿಯೇ.

ಹೆಸರಿನ ವಿಷಯದಲ್ಲಿ ಒಂದು ಶಿಸ್ತು ಬೇಕು. ಹೊರಬಂದ ದುಂಬಿ ಮೂರು ಮಿಲಿಮೀಟರ್‌ಗಿಂತ ಚಿಕ್ಕದಾಗಿ, ಕಂದುಗಪ್ಪಾಗಿ, ರೋಮದಿಂದ ಕೂಡಿದ್ದರೆ ‘ಸಿಮ್ನಸ್ ಗುಂಪಿನದು’ ಎಂದು ಬರೆದು ನಿಲ್ಲಿಸಿ. ಅವುಗಳಲ್ಲೂ ಕೆಲವಕ್ಕೆ ರೆಕ್ಕೆಯ ತುದಿ ತಿಳಿಬಣ್ಣದ್ದು, ಅದನ್ನೇ ನಂಬಿ ಮೋಸಹೋಗಬಾರದು. ಆ ಗುಂಪಿನಲ್ಲಿ ಜಾತಿ ತೀರ್ಮಾನವಾಗುವುದು ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಮೊಬೈಲ್ ಆ್ಯಪ್ ಕೊಟ್ಟ ಹೆಸರನ್ನು ನಾವು ಅಚ್ಚು ಹಾಕುವುದಿಲ್ಲ. ಖಚಿತ ಹೆಸರೇ ಬೇಕಿದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗವಿದೆ, ಬೆಂಗಳೂರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಒಯ್ಯುವ ಮಾದರಿಯನ್ನು ಶೇಕಡಾ 70ರ ಮದ್ಯಸಾರದಲ್ಲಿಡಿ. ಒಳಗೆ ಹಾಕುವ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಕರಗಿ ಹೋಗುತ್ತದೆ. ಚೀಟಿಯಲ್ಲಿ ಊರು, ತಾಲ್ಲೂಕು, ಜಿಲ್ಲೆ, ದಿನಾಂಕ, ಮರ, ನೆಲದಿಂದ ಎಷ್ಟು ಎತ್ತರ, ಏನು ತಿನ್ನುತ್ತಿತ್ತು, ಹಿಡಿದವರು ಯಾರು ಇಷ್ಟಿರಲಿ. ನಿಮ್ಮ ಲೇಖನದಲ್ಲಿ ದಿನಾಂಕವೇ ಇಲ್ಲ. ಹಿಟ್ಟುತಿಗಣೆ ಏರುವುದು ಒಣ ಬಿಸಿಲಿನ ತಿಂಗಳುಗಳಲ್ಲಿ, ಜೋರು ಮಳೆಗೆ ತೊಳೆದುಹೋಗುತ್ತದೆ. ಹಾಗಾಗಿ ಮಾರ್ಚಿಯಲ್ಲಿ ಕಂಡದ್ದಕ್ಕೂ ಆಗಸ್ಟಿನಲ್ಲಿ ಕಂಡದ್ದಕ್ಕೂ ಅರ್ಥ ಬೇರೆ.

ಇನ್ನಷ್ಟು ದುಂಬಿ ಬೇಕಾದರೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಬಿಳಿ ಬಟ್ಟೆಯನ್ನು ಕೊಂಬೆಯ ಕೆಳಗೆ ಹಿಡಿದು, ಕೋಲಿನಿಂದ ಮೂರ್ನಾಲ್ಕು ಸಲ ಚುರುಕಾಗಿ ಬಡಿಯಿರಿ. ಬಿದ್ದ ದುಂಬಿ ಕಾಲು ಮುದುಡಿ ಸತ್ತಂತೆ ಬಿದ್ದಿರುತ್ತದೆ, ಅರ್ಧ ನಿಮಿಷ ಕಾಯಿರಿ. ಪಕ್ಕದ ಥೂಜಾ ಬೇಲಿಯನ್ನೂ ಬಡಿದು ನೋಡಿ. ಅಲ್ಲಿ ಟೊಂಗೆಗಂಟಿದ ಕಂದು ಹೇನು ಇದ್ದರೆ ಕುಸುಬಿ ಹೊಲದಲ್ಲಿ ಕಾಣುವ ಮಾಮೂಲಿ ಗುಲಗಂಜಿಗಳೇ ಬಂದಿರುತ್ತವೆ. ಎರಡು ಮರದ ಪಟ್ಟಿ ಪಕ್ಕಪಕ್ಕ ಇಟ್ಟರೆ ಲೇಖನಕ್ಕೆ ತೂಕ ಬರುತ್ತದೆ.

‘ದಿನಕ್ಕೆ 500 ಕೀಟ ತಿನ್ನುತ್ತದೆ’ ಎಂಬ ಸಾಲನ್ನು ತೆಗೆಯಿರಿ. 500 ಏನು? ಮೊಟ್ಟೆಯೋ, ಮರಿಯೋ, ಬೆಳೆದ ತಿಗಣೆಯೋ? ತಿಂದದ್ದು ದುಂಬಿಯೋ ಅದರ ಮರಿಯೋ? ಬದಲಿಗೆ ನೀವೇ ಎಣಿಸಿ: ಒಂದೇ ಗಾತ್ರದ 30 ತಿಗಣೆ ಇರುವ ಡಬ್ಬಿಯಲ್ಲಿ ಒಂದು ಮರಿ ಬಿಟ್ಟು 24 ಗಂಟೆಯ ಮೇಲೆ ಉಳಿದದ್ದನ್ನು ಎಣಿಸುವುದು, ಪಕ್ಕದಲ್ಲಿ ಮರಿ ಬಿಡದ ಇನ್ನೊಂದು ಡಬ್ಬಿ ಇಡುವುದು. ಎರಡನೇ ಡಬ್ಬಿಯಲ್ಲಿ ತಾವಾಗಿ ಸತ್ತ ತಿಗಣೆಗಳನ್ನು ಕಳೆಯದಿದ್ದರೆ ಲೆಕ್ಕ ಉಬ್ಬುತ್ತದೆ. ಬಂದ ಅಂಕಿ 12 ಆದರೂ ನಮಗೆ ಆ 500ಕ್ಕಿಂತ ಮೇಲು.

ಕೊನೆಯ ಪುಟದ ‘ಮೊದಲು ಕ್ಲೋರೋಪೈರಿಫಾಸ್ ಹೊಡೆದು, ಉಳಿದ ಕೀಟಕ್ಕೆ ದುಂಬಿ ಬಿಡಿ’ ಎಂಬುದು ಹಾಗೇ ಹೋದರೆ ನಮ್ಮ ಮೇಲೂ ಬರುತ್ತದೆ. ಎಲೆಯ ಮೇಲಿನ ಔಷಧಿಯ ಶೇಷ ದುಂಬಿಯನ್ನೇ ಕೊಲ್ಲುತ್ತದೆ. ಆ ಜಾಗದಲ್ಲಿ ಇರುವೆಯ ಬಗ್ಗೆ ಬರೆಯಿರಿ. ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ಕಾವಲು ನಿಂತು ದುಂಬಿಗಳನ್ನು ಓಡಿಸುತ್ತವೆ. ಕಾಂಡಕ್ಕೆ ಅಂಟುಪಟ್ಟಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗುವ ಕೊಂಬೆ ಕತ್ತರಿಸಿದರೆ ದುಂಬಿಗೆ ದಾರಿ ಬಿಟ್ಟಂತೆ.

ತಿದ್ದಿದ ಲೇಖನ 900 ಪದ ಮೀರದಿರಲಿ. ಶೀರ್ಷಿಕೆಯ ‘ಸೈನಿಕ’ ಬೇಡ. ಒಳಗೂ ಅದು ಏಳು ಕಡೆ ಬಂದಿದೆ. ಚಿತ್ರ ಐದು ಸಾಕು: ಇಡೀ ಮರ, ಕೊಂಬೆ, ದುಂಬಿಯ ಬೆನ್ನು, ದುಂಬಿಯ ಹೊಟ್ಟೆ, ಮರಿ ಮತ್ತು ತಿಗಣೆ ಒಂದೇ ಚೌಕಟ್ಟಿನಲ್ಲಿ. ಕೊನೆಯ ಮೂರರಲ್ಲಿ ಅಳತೆಪಟ್ಟಿ ಹುಳುವಿನ ಮಟ್ಟದಲ್ಲೇ ಇರಬೇಕು, ಅರ್ಧ ಇಂಚು ಕೆಳಗಿದ್ದರೂ ಅಳತೆ ತಪ್ಪುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಚಿತ್ರ ಕುಗ್ಗಿ ರೋಮವೆಲ್ಲ ಅಳಿಸಿಹೋಗುತ್ತದೆ, ಮೂಲ ಫೈಲನ್ನೇ ಇಮೇಲ್ ಮಾಡಿ.