ಜನರಿಗೆ ಯೋಗ ಮಾಡಬೇಕು ಅಂತ ಮೊದಲು ಅನಿಸುವುದು ಹೇಗೆ?

ಹೆಚ್ಚಿನವರು ಬರುವುದು ಎರಡು ದಾರಿಯಲ್ಲಿ. ಮೈಗೆ ಏನೋ ತೊಂದರೆ ಆಗಿರುತ್ತದೆ, ಇಲ್ಲಾಂದ್ರೆ ಯಾರೋ ಮಾಡುವುದನ್ನು ಕಣ್ಣಾರೆ ನೋಡಿರುತ್ತಾರೆ. ಬರೀ ಓದಿ ಶುರು ಮಾಡುವವರು ನನಗೆ ಕಂಡಂತೆ ಕಡಿಮೆ.

ಯೋಗ ಗುರು ಟಿ. ಕೃಷ್ಣಮಾಚಾರ್ಯರ ಇಬ್ಬರು ಶಿಷ್ಯರನ್ನೇ ನೋಡಿ, ಇಬ್ಬರೂ ಮುಂದೆ ತಾವೇ ಹೆಸರಾಂತ ಯೋಗ ಗುರುಗಳಾದವರು. 1918ರಲ್ಲಿ ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಅಂತ ಒಂದಾದ ಮೇಲೊಂದು ಕಾಯಿಲೆ ಬಿದ್ದವರು. ಕೈಕಾಲು ಕಡ್ಡಿ, ತಲೆ ಎತ್ತಿ ಹಿಡಿಯುವುದೇ ಕಷ್ಟ. ಕೃಷ್ಣಮಾಚಾರ್ಯರು ಅವರಿಗೆ ಅಕ್ಕನ ಗಂಡ, ಹಾಗಾಗಿ 1934ರಲ್ಲಿ ಮೈಸೂರಿಗೆ ಹೋದ ಹುಡುಗ ಆರೋಗ್ಯಕ್ಕಾಗಿ ಆಸನ ಶುರು ಮಾಡಿದರು. ಪಟ್ಟಾಭಿ ಜೋಯಿಸರ ಕಥೆ ಬೇರೆ. ಕಾಯಿಲೆ ಕಾರಣ ಅಲ್ಲ, 1927ರಲ್ಲಿ, 12 ವರ್ಷದವರಿದ್ದಾಗ, ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿದರು, ಮಾರನೇ ದಿನವೇ ಕಲಿಸಿ ಅಂತ ಹೋಗಿ ನಿಂತರು!

ಹೀಗೇಕೆ? ಯೋಗದ ಲಾಭ ಬಾಯಲ್ಲಿ ಹೇಳಿದರೆ ನಂಬಿಕೆ ಬರುವುದಿಲ್ಲ, ಮೈಗೇ ಗೊತ್ತಾಗಬೇಕು. ಅದು ಮೊದಲ ದಿನವೇ ಸ್ವಲ್ಪ ಗೊತ್ತಾಗುತ್ತದೆ ಕೂಡ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಏಕೆಂದರೆ ಆಗ ಮೆದುಳಿನಿಂದ ಹೃದಯಕ್ಕೆ ಹೋಗುವ ಒಂದು ನರ ಅದನ್ನು ಸ್ವಲ್ಪ ತಡೆದು ಹಿಡಿಯುತ್ತದೆ. ಈಗಲೇ ಮಣಿಕಟ್ಟಿನ ನಾಡಿ ಹಿಡಿದು, ನಾಲ್ಕೈದು ಸಲ ಉಸಿರು ಉದ್ದಕ್ಕೆ ಬಿಟ್ಟು ನೋಡಿ, ಬಡಿತ ನಿಧಾನವಾಗುವುದು ಬೆರಳಿಗೇ ಸಿಗಬಹುದು.